ದಿಗ್ವ್ರತ ಮತ್ತು ದೂರದ ಆಮಂತ್ರಣ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವು ಇಂದು ಅತ್ಯಂತ ಕಡಿಮೆ ಚರ್ಚೆಗೆ ಬರುವ ವ್ರತವಾಗಿದೆ. ಅಹಿಂಸೆಯನ್ನು ಕುರಿತು, ಅಪರಿಗ್ರಹವನ್ನು ಕುರಿತು ಪ್ರವಚನಗಳು ನಡೆಯುತ್ತವೆ. ಆದರೆ ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ತಾನೇ ಮೇರೆ ಹಾಕಿಕೊಳ್ಳುವ ಈ ಗುಣವ್ರತವು, ಹಿಂದಿನ ಕಾಲದ ವರ್ತಕರಿಗೆ ಹೇಳಿದ ಮಾತೆಂಬಂತೆ ಬದಿಗೆ ಸರಿದಿದೆ. ದೂರದ ನಾಡಿನಿಂದ ಆಮಂತ್ರಣವೊಂದು ಬಂದಾಗ ಮಾತ್ರ ಅದು ಮತ್ತೆ ಎದುರು ಬಂದು ನಿಲ್ಲುತ್ತದೆ.

ಒಬ್ಬ ಶ್ರಾವಕರ ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಅವರು ಎಪ್ಪತ್ತು ದಾಟಿದ ನಿವೃತ್ತ ಅಧ್ಯಾಪಕರು. ಪ್ರಾಕೃತ ಮತ್ತು ಹಳಗನ್ನಡದ ಓಲೆಗರಿಗಳನ್ನು ಓದುವುದರಲ್ಲಿ ನುರಿತವರು. ಹತ್ತು ವರ್ಷಗಳ ಹಿಂದೆ ಮುನಿಗಳ ಸನ್ನಿಧಿಯಲ್ಲಿ, ಭಾರತದ ಮೇರೆಯನ್ನು ದಾಟುವುದಿಲ್ಲವೆಂದು ದಿಗ್ವ್ರತವನ್ನು ಸ್ವೀಕರಿಸಿದವರು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜೈನ ಹಸ್ತಪ್ರತಿಗಳನ್ನು ಕುರಿತು ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅವರಿಗೆ ಕರೆ ಬರುತ್ತದೆ. ವಸತಿಯನ್ನು ಆಮಂತ್ರಿಸಿದವರು ನೋಡಿಕೊಳ್ಳುತ್ತಾರೆ. ವಿಮಾನದ ವೆಚ್ಚವನ್ನು ಕೊಡಲು ಊರಿನ ಬಸದಿಯ ಟ್ರಸ್ಟು ಸಿದ್ಧವಾಗಿದೆ. ಅವರು ಹೋಗಬಹುದೇ?

ಕರೆ ಬಂದ ಸ್ಥಳವು ಸಾಮಾನ್ಯವಾದುದಲ್ಲ. ಫ್ಲಾರೆನ್ಸ್ ಎಂದರೆ ಚಿತ್ರ, ಶಿಲ್ಪ ಮತ್ತು ಚರ್ಚುಗಳ ನಗರವೆಂದಷ್ಟೇ ಪ್ರವಾಸಿಗರು ಬಲ್ಲರು. ಆದರೆ 1878ರಲ್ಲಿ ನಾಲ್ಕನೆಯ ಅಂತರರಾಷ್ಟ್ರೀಯ ಪ್ರಾಚ್ಯವಿದ್ಯಾ ಸಮ್ಮೇಳನ ನಡೆದುದು ಅಲ್ಲಿಯೇ. ಅಲ್ಲಿನ ಸಂಸ್ಕೃತ ವಿದ್ವಾಂಸ ಆಂಜೆಲೊ ದೆ ಗುಬೆರ್ನಾತಿಸ್ 1885-86ರಲ್ಲಿ ಭಾರತವನ್ನು ಸುತ್ತಿ ಹೋದರು. ಅವರು ಸಂಗ್ರಹಿಸಿದ ಜೈನ ಹಸ್ತಪ್ರತಿಗಳು ಆ ನಗರದ ಗ್ರಂಥಾಲಯವನ್ನು ಸೇರಿದವು. ಉದಿನೆ ಎಂಬ ಊರಿನಲ್ಲಿ 1887ರಲ್ಲಿ ಹುಟ್ಟಿದ ಲುಯಿಜಿ ಪಿಯೊ ತೆಸ್ಸಿತೋರಿ, ಭಾರತವನ್ನು ಕಾಣದೆಯೇ ಫ್ಲಾರೆನ್ಸಿನಲ್ಲಿ ಭಾರತೀಯ ಭಾಷೆಗಳನ್ನು ಕಲಿತರು. ಆಚಾರ್ಯ ವಿಜಯಧರ್ಮಸೂರಿಗಳೊಡನೆ ಪತ್ರವ್ಯವಹಾರ ಬೆಳೆಸಿದರು. 1914ರಲ್ಲಿ ಭಾರತಕ್ಕೆ ಬಂದು, ರಾಜಸ್ಥಾನದ ಗ್ರಂಥಗಳಿಗಾಗಿ ದುಡಿದು, 32 ವರ್ಷ ತುಂಬುವ ಮೊದಲೇ, 1919ರಲ್ಲಿ, ಬಿಕಾನೇರಿನಲ್ಲಿ ತೀರಿಕೊಂಡರು. ಇಂಥ ಪರಂಪರೆಯ ನಾಡಿನಿಂದ ಬಂದ ಕರೆಯನ್ನು ವಿಹಾರದ ಆಮಿಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶ್ರುತಸೇವೆಯೂ ಧರ್ಮವೇ ಆಗಿದೆ. ಆದುದರಿಂದಲೇ ಪ್ರಶ್ನೆ ಕಠಿಣವಾಗುತ್ತದೆ. ಇಲ್ಲಿ ಎದುರಾಗಿರುವುದು ಧರ್ಮಕ್ಕೆ ಅಧರ್ಮವಲ್ಲ, ಒಂದು ಒಳಿತಿಗೆ ಇನ್ನೊಂದು ಒಳಿತು.

ದಿಗ್ವ್ರತದ ಆಶಯವೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮುದ್ರ, ನದಿ, ಅಡವಿ, ಪರ್ವತ, ಜನಪದ ಮತ್ತು ಯೋಜನಗಳನ್ನು ಮೇರೆಗಳೆಂದು ಹೇಳುತ್ತಾರೆ. ಎಲ್ಲರಿಗೂ ತಿಳಿದಿರುವ ಗುರುತುಗಳೇ ಮೇರೆಯಾಗಬೇಕು. ಆಗ ಮನಸ್ಸಿಗೆ ಜಾರಿಕೊಳ್ಳಲು ದಾರಿಯಿರುವುದಿಲ್ಲ. ಮೇರೆಯ ಆಚೆಗೆ ಸೂಕ್ಷ್ಮಪಾಪವೂ ನಿವೃತ್ತಿಯಾಗುವುದರಿಂದ ಗೃಹಸ್ಥನ ಅಣುವ್ರತಗಳು ಅಲ್ಲಿ ಮಹಾವ್ರತಗಳ ಮಟ್ಟಕ್ಕೆ ಏರುತ್ತವೆ ಎಂಬುದು ಅವರ ಗಂಭೀರವಾದ ವಿವರಣೆ. ಮನೆಯಲ್ಲಿ ಒಲೆ ಹಚ್ಚುವ, ಹೊಲ ಉಳುವ, ವ್ಯಾಪಾರ ಮಾಡುವ ಗೃಹಸ್ಥನು ಪೂರ್ಣ ಅಹಿಂಸಕನಾಗಲಾರ. ಆದರೆ ತಾನು ಎಂದೂ ಕಾಲಿಡದ ವಿಶಾಲ ಭೂಮಿಯ ವಿಷಯದಲ್ಲಿ ಅವನು ಮುನಿಗೆ ಸಮೀಪನಾಗುತ್ತಾನೆ. ಹೀಗೆ ನೋಡಿದರೆ ದಿಗ್ವ್ರತವು ಸೆರೆಮನೆಯ ಗೋಡೆಯಲ್ಲ. ಗೋಡೆಯ ಆಚೆಗಿರುವ ಸಮಸ್ತ ಜೀವಗಳಿಗೆ ಕೊಟ್ಟ ಅಭಯಪತ್ರ.

ಈ ಅಭಯದ ಅರ್ಥ ಇಂದು ಇನ್ನೂ ಸ್ಪಷ್ಟವಾಗಿದೆ. ಬೆಂಗಳೂರಿನಿಂದ ಫ್ಲಾರೆನ್ಸಿಗೆ ನೇರ ಅಂತರವೇ ಸುಮಾರು 7,000 ಕಿಲೋಮೀಟರ್. ಹೋಗಿ ಬರುವ ವಿಮಾನಯಾನದಲ್ಲಿ ಒಬ್ಬ ಪ್ರಯಾಣಿಕನ ಪಾಲಿಗೆ ಸುಮಾರು ಒಂದು ಟನ್ನಿನಷ್ಟೋ ಅದಕ್ಕೂ ಹೆಚ್ಚೋ ಇಂಗಾಲದ ಅನಿಲ ವಾಯುಮಂಡಲವನ್ನು ಸೇರುತ್ತದೆ. ತೇಜಃಕಾಯ ಮತ್ತು ವಾಯುಕಾಯ ಜೀವಗಳನ್ನು ನಂಬುವ ಸಮಾಜಕ್ಕೆ ಇದು ಕೇವಲ ವಿಜ್ಞಾನದ ಅಂಕಿಯಲ್ಲ.

ಇದಕ್ಕೆ ಪ್ರತಿಯಾಗಿ 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನದ ನಿದರ್ಶನವನ್ನು ಕೊಡುವವರುಂಟು. ಅಂದು ವೀರಚಂದ ಗಾಂಧಿಯವರು ಸಮುದ್ರ ದಾಟದಿದ್ದರೆ ಜೈನಧರ್ಮದ ಧ್ವನಿ ಆ ಸಭೆಯಲ್ಲಿ ಕೇಳಿಸುತ್ತಿರಲಿಲ್ಲ ಎಂಬುದು ಸತ್ಯ. ಮರಳಿ ಬಂದಾಗ ಸಮುದ್ರಯಾನಕ್ಕಾಗಿ ಸ್ವಸಮಾಜದ ಕೆಲವರಿಂದಲೇ ಅವರು ವಿರೋಧವನ್ನು ಎದುರಿಸಬೇಕಾಯಿತೆಂಬುದೂ ಸತ್ಯ. ಆದರೆ ಆ ಪ್ರಸಂಗದಲ್ಲಿ ಗಮನಿಸಬೇಕಾದ ಇನ್ನೊಬ್ಬರಿದ್ದಾರೆ. ಷಿಕಾಗೊದ ಆಮಂತ್ರಣ ಬಂದುದು ಆತ್ಮಾರಾಮಜಿ ಎಂದು ಪ್ರಸಿದ್ಧರಾದ ಆಚಾರ್ಯ ವಿಜಯಾನಂದಸೂರಿಗಳಿಗೆ. ಮುನಿಧರ್ಮವು ಆ ಪ್ರಯಾಣವನ್ನು ಒಪ್ಪದು. ಅವರು ಧರ್ಮಪ್ರಚಾರದ ಹೆಸರಿನಲ್ಲಿ ತಮ್ಮ ಮಹಾವ್ರತವನ್ನು ಸಡಿಲಿಸಲಿಲ್ಲ. ವ್ರತದ ನೆಪದಲ್ಲಿ ಆಮಂತ್ರಣವನ್ನು ತಿರಸ್ಕರಿಸಲೂ ಇಲ್ಲ. ಅಂಥ ವ್ರತದ ಬಂಧನವಿಲ್ಲದ ಗೃಹಸ್ಥನೊಬ್ಬನನ್ನು ಸಿದ್ಧಗೊಳಿಸಿ ಕಳುಹಿಸಿದರು. ಷಿಕಾಗೊಗೆ ಹೋದವರ ಕೀರ್ತಿಯನ್ನು ಹಾಡುವಾಗ, ಹೋಗದೆ ಉಳಿದವರ ಹಿರಿಮೆಯನ್ನು ಮರೆಯಬಾರದು.

ಉದಾಹರಣೆಯ ಶ್ರಾವಕರ ಸುತ್ತ ಈಗ ಸಲಹೆಗಾರರು ಸೇರುತ್ತಾರೆ. ದಕ್ಷಿಣ ದಿಕ್ಕಿನಲ್ಲಿ ಸ್ವಲ್ಪ ಕಡಿಮೆ ಮಾಡಿಕೊಂಡು ಪಶ್ಚಿಮದಲ್ಲಿ ಹೆಚ್ಚಿಸಿಕೊಂಡರಾಯಿತು ಎಂದು ಒಬ್ಬರು ಹೇಳುತ್ತಾರೆ. ಹೋಗಿ ಬಂದು ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದೆಂದು ಮತ್ತೊಬ್ಬರು. ತತ್ತ್ವಾರ್ಥಸೂತ್ರವು ದಿಗ್ವ್ರತದ ಅತಿಚಾರಗಳನ್ನು ಎಣಿಸುವಾಗ ಕ್ಷೇತ್ರವೃದ್ಧಿಯನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಲೋಭದ ಆವೇಶದಿಂದ ಮೇರೆಯನ್ನು ಹಿಗ್ಗಿಸುವುದೇ ಅದು ಎಂದು ಪೂಜ್ಯಪಾದರ ವ್ಯಾಖ್ಯಾನ. ಲೋಭವು ಹಣದ್ದೇ ಆಗಬೇಕೆಂದಿಲ್ಲ. ಕೀರ್ತಿಯ ಲೋಭವಿದೆ, ಅಪೂರ್ವ ಗ್ರಂಥವನ್ನು ಕಣ್ಣಾರೆ ಕಾಣುವ ಲೋಭವೂ ಇದೆ. ಇನ್ನು ಪ್ರಾಯಶ್ಚಿತ್ತವು ಆಗಿಹೋದ ಪ್ರಮಾದಕ್ಕೆ ಔಷಧವೇ ಹೊರತು, ಮುಂದೆ ಮಾಡಲಿರುವ ತಪ್ಪಿಗೆ ಮುಂಗಡವಾಗಿ ತೆತ್ತ ಸುಂಕವಲ್ಲ. ಯಾವ ಆಸೆಯೂ ಇಲ್ಲದಾಗ ಹಾಕಿದ ಮೇರೆಯ ಬೆಲೆ ಆಸೆ ಹುಟ್ಟಿದ ದಿನವೇ ತಿಳಿಯುತ್ತದೆ. ಆದಕಾರಣ ಈ ಶ್ರಾವಕರು ಹೋಗತಕ್ಕದ್ದಲ್ಲ. ಅವರ ನಷ್ಟ ಸಣ್ಣದಲ್ಲ. ಜೀವಮಾನವೆಲ್ಲ ಹುಡುಕಿದ ಬಗೆಯ ಪ್ರತಿಯೊಂದು ಅಲ್ಲಿರಬಹುದು. ಆ ನಷ್ಟವನ್ನು ಹಗುರಮಾಡಿ ಹೇಳುವುದರಿಂದ ವ್ರತಕ್ಕೆ ಗೌರವ ಬಾರದು.

ಹಾಗಾದರೆ ಆಮಂತ್ರಣ ವ್ಯರ್ಥವಾಗಬೇಕೆ? ಅವರ ಬಳಿ ಹಲವು ವರ್ಷ ಓದಿದ ಶಿಷ್ಯೆಯೊಬ್ಬಳಿದ್ದಾಳೆ. ಆಕೆಗೆ ಅಂಥ ಮೇರೆಯಿಲ್ಲ. ಗುರುಗಳ ಪ್ರಬಂಧವನ್ನು ಆಕೆ ಓದಬಹುದು. ಆದರೆ ವ್ರತವಿಲ್ಲದವರ ಪ್ರಯಾಣಕ್ಕೂ ವಿವೇಕ ಬೇಡವೆಂದಲ್ಲ. ನಿಷ್ಪ್ರಯೋಜನವಾದ ಹಿಂಸೆಯನ್ನು ತೊರೆಯುವ ಅನರ್ಥದಂಡವಿರತಿಯು ದಿಗ್ವ್ರತದ ಪಕ್ಕದಲ್ಲಿಯೇ ನಿಂತಿದೆ. ಇಟಲಿಯ ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶವನ್ನು ತಿಳಿಸಬೇಕಾದ ಅಂಕಣವಿದೆ. 30,000 ಯೂರೊಗಿಂತ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯ ಪತ್ರವನ್ನೂ ಲಗತ್ತಿಸಬೇಕು. ಪರದೇಶದ ಅಧಿಕಾರಿ ಕೇಳುವ ಉದ್ದೇಶದ ಪ್ರಶ್ನೆಯನ್ನು ಶ್ರಾವಿಕೆಯು ತನ್ನ ಆತ್ಮಕ್ಕೆ ಮೊದಲು ಕೇಳಿಕೊಳ್ಳಬೇಕು. ಅಲ್ಲಿಗೆ ಹೋಗದೆ ಮಾಡಲಾಗದ ಕೆಲಸ ಯಾವುದು?

1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿತು. ಆಗ ಹಲವು ದೇಶಗಳ ತರುಣರು ಅಲ್ಲಿಗೆ ಧಾವಿಸಿ, ಕೆಸರಿನಲ್ಲಿ ಮುಳುಗಿದ್ದ ಗ್ರಂಥಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲೆತ್ತಿದರು. ಜನ ಅವರನ್ನು ಕೆಸರಿನ ದೇವದೂತರೆಂದು ಕರೆದರು. ಅಲ್ಲಿ ಕೈಗಳು ಬೇಕಾಗಿದ್ದವು; ಪತ್ರ ಬರೆದರೆ ಸಾಲುತ್ತಿರಲಿಲ್ಲ. ಶಿಷ್ಯೆಯ ಪ್ರಯಾಣಕ್ಕೂ ಇದೇ ಅಳತೆಗೋಲು. ಪ್ರಬಂಧವನ್ನು ಇಲ್ಲಿಂದಲೇ ದೂರಸಂಪರ್ಕದ ಮೂಲಕ ಓದಬಹುದು. ಆದರೆ ಹಸ್ತಪ್ರತಿಯ ಕಾಗದ, ಮಸಿ ಮತ್ತು ತಿದ್ದುಪಡಿಗಳನ್ನು ಪರೀಕ್ಷಿಸಲು ಅಲ್ಲಿರಲೇಬೇಕು. ಹಾಗಿದ್ದಲ್ಲಿ ಸಮ್ಮೇಳನದ ದಿನಗಳಿಗೆ ಗ್ರಂಥಾಲಯದ ದಿನಗಳು ಕೂಡಬೇಕು. ಎಂಟು ಊರುಗಳ ವಿಹಾರ ಕೂಡಬಾರದು.

ಆಹಾರದ ನಿಯಮವನ್ನೂ ಮೊದಲೇ ಯೋಚಿಸಬೇಕು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯಾಸ್ತ ರಾತ್ರಿ ಒಂಬತ್ತರ ಸುಮಾರಿಗೆ. ಅವರ ಏಳೂವರೆಯ ಊಟವೂ ಹಗಲೂಟವೇ ಆಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲು; ಆಗ ಸಮ್ಮೇಳನದ ಭೋಜನಕೂಟವನ್ನು ಬಿಡಬೇಕಾಗುತ್ತದೆ. ಸಸ್ಯಾಹಾರವೆಂದು ಕೊಟ್ಟ ತಿನಿಸಿನ ಮೇಲೆ ಉದುರಿಸುವ ಪಾರ್ಮಿಜಿಯಾನೊ ಚೀಸನ್ನು ಎಳೆಗರುವಿನ ಜಠರದಿಂದ ತೆಗೆದ ರೆನ್ನೆಟ್ ಎಂಬ ಪದಾರ್ಥದಿಂದಲೇ ಹೆಪ್ಪುಗಟ್ಟಿಸುತ್ತಾರೆ. ಇದನ್ನು ಊಟದ ಮೇಜಿನಲ್ಲಿ ಕುಳಿತು ಕೇಳಿ ಆತಿಥೇಯರನ್ನು ನೋಯಿಸುವುದಕ್ಕಿಂತ, ತಿಂಗಳ ಮುಂಚೆ ಪತ್ರದಲ್ಲಿ ತಿಳಿಸುವುದು ವ್ರತಕ್ಕೂ ಸೌಜನ್ಯಕ್ಕೂ ಹಿತ.

ಟ್ರಸ್ಟಿನವರಿಗೂ ಇಲ್ಲಿ ಹೊಣೆಯಿದೆ. ಪೂಜೆ ಅಭಿಷೇಕಗಳಿಗೆಂದು ಭಕ್ತರು ಅರ್ಪಿಸಿದ ದ್ರವ್ಯವು ವಿಮಾನದ ಟಿಕೇಟಾಗಬಾರದು. ಶಾಸ್ತ್ರದಾನಕ್ಕೆಂದೇ ಬಂದ ನಿಧಿಯಿದ್ದರೆ, ದಾನಿಗಳಿಗೆ ತಿಳಿಸಿ, ಅದರಿಂದ ಕೊಡಬಹುದು. ಮರಳಿ ಬಂದವರು ಹಾರಹಾಕಿಸಿಕೊಂಡು ಕೂಡದೆ, ಕಂಡ ಪ್ರತಿಗಳ ವಿವರವನ್ನೂ ಖರ್ಚಿನ ಲೆಕ್ಕವನ್ನೂ ಸಂಘದ ಮುಂದಿಡಬೇಕು.

ಆಕೆ ಹೊರಡುವ ದಿನ ಗುರುಗಳು ಮನೆಯ ಬಾಗಿಲಲ್ಲಿಯೇ ಉಳಿಯುತ್ತಾರೆ. ಅಲ್ಲಿ ಏನನ್ನು ನೋಡಬೇಕೆಂದು ಅವರು ಬರೆದುಕೊಟ್ಟ ಚೀಟಿ ಶಿಷ್ಯೆಯ ಕೈಯಲ್ಲಿದೆ. ಒಬ್ಬರು ಹೋಗುವುದರಿಂದ ಶ್ರುತಕ್ಕೆ ಸೇವೆ ಸಲ್ಲುತ್ತದೆ. ಇನ್ನೊಬ್ಬರು ಉಳಿಯುವುದರಿಂದ ವ್ರತಕ್ಕೆ. ಎರಡೂ ಸಂದರ್ಭಗಳಲ್ಲಿ ಉದ್ದೇಶವು ಮೊದಲು ನಿಶ್ಚಯವಾಯಿತು, ಕಾಲು ಆಮೇಲೆ ಎದ್ದಿತು ಅಥವಾ ನಿಂತಿತು. ಕಾಲನ್ನು ಮನಸ್ಸಿನ ಹಿಂದೆ ನಡೆಸುವುದೇ ದಿಗ್ವ್ರತದ ಶಿಕ್ಷಣ.