ಅಂತಿಯೋಕ್ಯದ ಊಟ

ಪುಣೆಯ ನಮ್ಮ ಕನ್ನಡ ಚರ್ಚಿನಲ್ಲಿ ಕ್ರಿಸ್‌ಮಸ್ ಆರಾಧನೆ ಮುಗಿದ ಮೇಲೆ ಎಲ್ಲರೂ ಕೂಡಿ ಊಟ ಮಾಡುವುದು ವಾಡಿಕೆ. ಎರಡು ವರ್ಷದ ಹಿಂದೆ, ಆವರಣ ಗುಡಿಸುವ ಕುಟುಂಬವನ್ನು ಹಿರಿಯರೊಬ್ಬರು ಮೆಲ್ಲಗೆ ಹಿಂಬಾಗಿಲ ಬಳಿಯ ಬೆಂಚಿಗೆ ಕಳಿಸಿದರು. "ಅವರಿಗೆ ಅಲ್ಲೇ ಆರಾಮ" ಎಂದರು. ಆ ಕುಟುಂಬವೂ ದೀಕ್ಷಾಸ್ನಾನ ಪಡೆದದ್ದೇ. ಬಿಡದೆ ಬಂದದ್ದು ಜಾತಿ. ಸಮಿತಿಯ ಸದಸ್ಯನಾದ ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ. ಆಫೀಸಿನಲ್ಲಿ ಈ ಡೆಡ್‌ಲೈನ್ ಆಗದ ಮಾತು ಎಂದು ಮೇಲಿನವರ ಮುಖಕ್ಕೇ ಹೇಳುವವನು, ಅಂದು ಸುಮ್ಮನೆ ಕೋಳಿ ಸಾರು ಬಡಿಸಿಕೊಂಡೆ.

ಅಂದಿನಿಂದ ಗಲಾತ್ಯದವರಿಗೆ ಪೌಲ ಬರೆದ ಪತ್ರದ ಎರಡನೆಯ ಅಧ್ಯಾಯ ನನ್ನನ್ನು ಬಿಟ್ಟಿಲ್ಲ. ಅಲ್ಲಿಯೂ ಊಟದ್ದೇ ಜಗಳ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದದ್ದೇ ಹಿಂದೆ ಸರಿದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪೇತ್ರನಿಗೆ ಸರಿ ಯಾವುದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊರ್ನೇಲ್ಯನೆಂಬ ರೋಮನ್ ಶತಾಧಿಪತಿಯ ಮನೆಯೊಳಗೆ ಕಾಲಿಟ್ಟು ಬಂದವನೇ ಅವನು. ಹೆದರಿದ, ಅಷ್ಟೇ. ಪೌಲನಿಗೆ ಅವನು ಏನು ಉತ್ತರ ಕೊಟ್ಟ ಎಂದು ಪತ್ರದಲ್ಲಿಲ್ಲ.

ಅಪೊಸ್ತಲರಲ್ಲಿ ಮೊದಲಿಗನೇ ತಪ್ಪಿದ್ದು ಮುಂದಿನವರಿಗೆ ನುಂಗಲಾರದ ತುತ್ತಾಯಿತು. ಅದು ಜನರಿಗೆ ಪಾಠ ಕಲಿಸಲು ಹೂಡಿದ ನಟನೆ ಎಂದ ಜೆರೋಮ್. ಆಗಸ್ಟೀನ್ ಒಪ್ಪಲಿಲ್ಲ; ಧರ್ಮಗ್ರಂಥದಲ್ಲಿ ಒಂದು ಕಡೆ ಸುಳ್ಳಿದೆಯೆಂದರೆ ಉಳಿದದ್ದನ್ನು ನಂಬುವುದು ಹೇಗೆ ಎಂದು ಅವನಿಗೇ ಕಾಗದ ಬರೆದ. ತಿದ್ದಿಸಿಕೊಂಡ ಪೇತ್ರನ ವಿನಯವನ್ನು ಹೊಗಳಿದ. ನನಗೂ ಆಗಸ್ಟೀನನ ಮಾತೇ ಸರಿ ಕಾಣುತ್ತದೆ. ಹಿರಿಯರ ಮಾನ ಕಾಯಲು ನಡೆದದ್ದನ್ನು ತಿರುಚುವ ಅಭ್ಯಾಸ ಅಷ್ಟು ಹಳೆಯದು ನೋಡಿ.

ನನ್ನನ್ನು ಚುಚ್ಚುವವನು ಮಾತ್ರ ಬಾರ್ನಬ. ಪೌಲನ ಜೊತೆಗಾರ, ಒಳ್ಳೆಯ ಮನುಷ್ಯ. ಅವನೂ ಉಳಿದವರ ಹಿಂದೆ ಎದ್ದು ಹೋದ ಎಂದು ಒಂದೇ ವಾಕ್ಯದಲ್ಲಿ ಬರೆದು ಪೌಲ ಮುಂದೆ ಹೋಗುತ್ತಾನೆ.

ತಪ್ಪು ಮಾಡಿದವನನ್ನು ಮೊದಲು ಒಬ್ಬನೇ ಇರುವಾಗ ಕಂಡು ತಿಳಿಹೇಳಬೇಕೆಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ನಾನು ಅದನ್ನೇ ನೆಪ ಮಾಡಿಕೊಂಡೆ. ಆದರೆ ಬೆಂಚಿಗೆ ಕಳಿಸಿದ್ದು ಎಲ್ಲರೆದುರು ತಾನೆ? ಅವಮಾನ ಬಹಿರಂಗ, ಬುದ್ಧಿಮಾತು ಮಾತ್ರ ಗುಟ್ಟಾಗಿ ಯಾಕೆ? ಆ ಗುಟ್ಟಿನ ಮಾತನ್ನೂ ಎರಡು ವರ್ಷ ಆಡಲಿಲ್ಲ. ಕೆಲಸ ಸಿಕ್ಕಿ ಪುಣೆಗೆ ಬಂದಾಗ ನನ್ನನ್ನು ಒಂದು ತಿಂಗಳು ಮನೆಯಲ್ಲಿಟ್ಟುಕೊಂಡು ಊಟ ಹಾಕಿದವರು ಅವರೇ.

ಈ ಡಿಸೆಂಬರಿನ ಊಟದ ಉಸ್ತುವಾರಿ ನನಗೆ ಬಂದಿದೆ. ಮೊನ್ನೆ ಅವರು ಫೋನ್ ಮಾಡಿ, "ಬೆಂಚು ಎಷ್ಟು ಬೇಕು ಮಾರಾಯ?" ಎಂದರು. "ಹಿಂಬಾಗಿಲ ಹತ್ತಿರ ಒಂದೂ ಬೇಡ ಅಂಕಲ್" ಎಂದೆ. ಎಲ್ಲರೆದುರಲ್ಲ, ಫೋನಿನಲ್ಲಿ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ಕೋಳಿ ಎಷ್ಟು ಕಿಲೋ ಹೇಳಲಿ ಎಂದು ಕೇಳಿದರು.