ಸೋಗಿನ ದೋಷ, ಸೋಗುಗಾರನ ಧರ್ಮ

ಕಲಬುರಗಿ, ಕಮಲಾಪುರ ಕಡೆಯ ಹಳ್ಳಿಗಳಲ್ಲಿ ದೊಡ್ಡಾಟ ಕಲಿಯುವ ಕಾಲ ಬಂದಿತೆಂದರೆ ಸೋಗು ಹಂಚುವ ಪ್ರಶ್ನೆ ಏಳುವದು. ಧರ್ಮರಾಜನ ಸೋಗಿಗೆ ಹಲವರು ಮುಂದಾಗುವರು. ದುಶ್ಶಾಸನನ ಸೋಗು ತನ್ನ ಮಗನ ಪಾಲಿಗೆ ಬಂದರೆ ತಾಯಿಯ ಮುಖ ಬಾಡುವದು. “ಯಾಕೋ ಯಪ್ಪಾ, ನಿನಗ ಬ್ಯಾರೆ ಸೋಗು ಸಿಗಲಿಲ್ಲೇನು?” ಎಂದು ಕಮಲಾಪುರದ ತಾಯಿಯೊಬ್ಬಳು ಕೇಳಿದಳೆಂದೂ, “ಮಾತು ಸೌಮ್ಯ ಮಾಡ್ಕೋತೀನಿ, ಯವ್ವಾ” ಎಂದು ಮಗನು ಸಮಾಧಾನ ಹೇಳಿದನೆಂದೂ ಭಾವಿಸಬಹುದು. ಮೇಲುನೋಟಕ್ಕೆ ಇದು ಸದ್ಗುಣದ ಮಾತೇ.

ಆದರೆ ಸೌಮ್ಯನಾದ ದುಶ್ಶಾಸನನಿಂದ ಮೊದಲು ಕೆಡುವವಳು ದ್ರೌಪದಿ. ಎಳೆತರುವವನ ಕೈ ಹಿಂಜರಿದರೆ ಅವಳ ಮೊರೆಗೆ ಆಧಾರವೇ ಇಲ್ಲ. ಭೀಮನ ಪ್ರತಿಜ್ಞೆ ಬರಿಯ ಬಡಿವಾರವಾಗುವದು. ಸಭೆಯಲ್ಲಿ ಮೌನವಾಗಿ ಕುಳಿತ ಹಿರಿಯರು ನಾಚಬೇಕಾದ ಕಾರಣವೂ ಉಳಿಯದು. ಒಬ್ಬನು ತನ್ನ ಹೆಸರನ್ನು ಕಾಯ್ದುಕೊಳ್ಳಲು ಜೊತೆಗಾರರೆಲ್ಲರ ಶ್ರಮವನ್ನು ನಷ್ಟಗೊಳಿಸಿದಂತಾಯಿತು. ಇಷ್ಟೇ ಆಗಿದ್ದರೆ ಅದು ಆಟದ ಹಾನಿ. ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಗಳೊಬ್ಬಳು ನೋಡುವವರ ನಡುವೆ ಕುಳಿತಿದ್ದರೆ, ಅನ್ಯಾಯವು ಅಷ್ಟೇನೂ ದೊಡ್ಡದಲ್ಲವೆಂಬ ಪಾಠವನ್ನು ಕೇಳಿಕೊಂಡೇ ಅವಳು ಮನೆಗೆ ತೆರಳಬೇಕಾಗುವದು.

ದೊಡ್ಡಾಟದಲ್ಲಿ ಬಹುಪಾಲು ಮಾತು ಕಲಿತದ್ದು. ಆದ್ದರಿಂದ ಸೋಗುಗಾರನ ಅಹಂಕಾರಕ್ಕೆ ಅವಕಾಶ ಕಡಿಮೆ. ಕರಾವಳಿ, ಮಲೆನಾಡು, ಕಾಸರಗೋಡುಗಳ ತಾಳಮದ್ದಳೆಯಲ್ಲಿ ಹಾಗಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯವಷ್ಟೇ ಗೊತ್ತಾದದ್ದು. ಅರ್ಥಧಾರಿಗಳ ಮಾತು ಆ ಕ್ಷಣದಲ್ಲಿಯೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಈ ವಾಕ್ಕಿನಿಂದಲೇ. ವಾಲಿವಧೆಯ ಪ್ರಸಂಗವನ್ನು ನೋಡಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ಬಿದ್ದ ವಾಲಿಯು ಕೇಳುವನು. ವಾದಪಟುವಾದ ಅರ್ಥಧಾರಿಯು ಸೋಲೊಪ್ಪದೆ ಬೆಳಗಿನವರೆಗೆ ವಾದಿಸಬಲ್ಲನು. ಆಗ ಗೆದ್ದವನು ಅವನು, ಸತ್ತದ್ದು ಪ್ರಸಂಗ. ಅತ್ತ ರಾಮನ ಅರ್ಥಧಾರಿಯ ಕಷ್ಟವೂ ಸಣ್ಣದಲ್ಲ. ತನ್ನ ರಾಮನ ಮೇಲೆ ಬಂದ ಆಕ್ಷೇಪವನ್ನು ಅವನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು; ದೇವರೆಂಬ ಒಂದೇ ಮಾತಿನಿಂದ ಎದುರಾಳಿಯ ಬಾಯಿ ಮುಚ್ಚಿಸಿದರೆ ಅದು ಭಕ್ತಿಯಂತೆ ತೋರುವ ಆಲಸ್ಯ.

ಪೂಜ್ಯರ ಪಾತ್ರಕ್ಕೆ ಕುಂದು ತರಬಾರದೆಂಬ ಅಳುಕು ಭಕ್ತರಲ್ಲಿ ಸಹಜವೇ. ಆದರೆ ಹಿಂದಿನವರಿಗೆ ಆ ಅಳುಕು ಇದ್ದಂತೆ ತೋರುವದಿಲ್ಲ. ಹರಿಹರನ ನಂಬಿಯಣ್ಣನು ಸಂಕಿಲಿಗೆ ಕೊಟ್ಟ ಭಾಷೆಗೆ ತಪ್ಪಿ ಕಣ್ಣು ಕಳೆದುಕೊಳ್ಳುವನು. ಶೂನ್ಯಸಂಪಾದನೆಯಂತೂ ಒಬ್ಬರ ಕೃತಿಯಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನ ತರುವಾಯ ಹಲವರು ಅದನ್ನು ಮತ್ತೆ ಸಂಯೋಜಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ಫ. ಗು. ಹಳಕಟ್ಟಿಯವರು 1930ರಲ್ಲಿ ಪ್ರಕಟಿಸಿದರು. ಸೊನ್ನಲಿಗೆಯಲ್ಲಿ ಅಲ್ಲಮನು ಒಡ್ಡನೆಂದು ಕರೆದಾಗ ಸಿದ್ಧರಾಮನು ಕೆರಳಿದ್ದು ಅಲ್ಲಿ ಮುಚ್ಚಿಲ್ಲ. ಆ ಕೋಪವನ್ನು ಅಳಿಸಿದ್ದರೆ ಅಲ್ಲಮನಿಗೆ ಅಲ್ಲಿ ಆಡಲು ಮಾತೇ ಇರುತ್ತಿರಲಿಲ್ಲ; ಸಿದ್ಧರಾಮನು ಕಲ್ಯಾಣಕ್ಕೆ ನಡೆಯುವ ದಾರಿಯೂ ತೆರೆಯುತ್ತಿರಲಿಲ್ಲ.

ಹೀಗೆಂದು ಸೋಗಿನ ಹೆಸರಿನಲ್ಲಿ ಏನನ್ನಾದರೂ ಮಾಡಬಹುದೆಂದು ತಿಳಿಯಲಾಗದು. ಊರಿನ ಹಳೆಯ ವೈರವನ್ನು ದುಶ್ಶಾಸನನ ಬಾಯಿಂದ ಆಡಿಸುವವರುಂಟು. ಬಣ್ಣ ಹಚ್ಚಿಕೊಂಡು ನಿಜವಾಗಿಯೇ ಕೈಮಾಡುವವರೂ ಉಂಟು. ಅಲ್ಲಿ ನೋವು ಪಾತ್ರವನ್ನು ದಾಟಿ ಪಾತ್ರಧಾರಿಯನ್ನು ತಟ್ಟಿತು. ಆದುದರಿಂದ ಕಮಲಾಪುರದ ಆ ಹುಡುಗನು ಸೌಮ್ಯತೆಯನ್ನು ಇಡಬೇಕಾದದ್ದು ರಂಗದ ಮೇಲಲ್ಲ, ತಾಲೀಮಿನಲ್ಲಿ. ದ್ರೌಪದಿಯ ಸೋಗಿನವನು ಅವನ ವಾರಿಗೆಯ ಗೆಳೆಯನೇ ಆಗಿರುವನು. “ಕೂದಲಾ ಜಗ್ಗಬ್ಯಾಡೋ, ಸೆರಗಿನ ತುದಿ ಹಿಡಿ” ಎಂದು ಅವನು ಹೇಳಿದರೆ ಸೆರಗಿನ ತುದಿಯನ್ನೇ ಹಿಡಿಯಬೇಕು. ಉಳಿದುದನ್ನು ಕಣ್ಣಿನಿಂದಲೂ ಕಂಠದಿಂದಲೂ ಮಾಡಿದರೆ, ದೂರದಲ್ಲಿ ಕುಳಿತ ತಾಯಿಯೂ ಬೆಚ್ಚುವಳು.