ಅಸಲಿ ಜೀಪು ಯಾವುದು?

ಹಳೇ ಗಾಡಿಗಳ ಹುಚ್ಚು ಈಗ ನಮ್ಮ ವಯಸ್ಸಿನವರಲ್ಲಿ ಜೋರಾಗಿದೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುವವರಿಗೆ ಭಾನುವಾರ ಸ್ಪ್ಯಾನರ್ ಹಿಡಿದು ಕೈಗೆ ಗ್ರೀಸ್ ಮೆತ್ತಿಕೊಳ್ಳುವ ಆಸೆ ಹುಟ್ಟುವುದು ಸಹಜವೇ. ಕೆಲವರು ಮೈಸೂರಿನಲ್ಲಿ ತಯಾರಾದ ಹಳೇ ಜಾವಾ ಹುಡುಕುತ್ತಾರೆ, ಇನ್ನು ಕೆಲವರು ಜೀಪು. ಅಮೆರಿಕದ ಕ್ಲಾಸಿಕ್ ಕಾರು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದಲ್ಲಿ ನೋಡಿದ ಉದ್ದನೆಯ ಕ್ಯಾಡಿಲಾಕು, ಮಸ್ಟ್ಯಾಂಗು. ಆದರೆ ನಮ್ಮ ಹಳ್ಳಿಗಳ ತನಕ ಬಂದು, ಗದ್ದೆ ಬಯಲಿನ ಕೆಸರು ಮೆತ್ತಿಕೊಂಡು, ನಮ್ಮದೇ ಆಗಿಹೋದ ಅಮೆರಿಕನ್ ಗಾಡಿ ಅಂದರೆ ಜೀಪು. ನಮ್ಮ ಕಡೆ ಒಂದು ಕಾಲಕ್ಕೆ ಜೀಪು ಬಂತು ಅಂದರೆ ಸರ್ಕಾರ ಬಂತು ಅಂತಲೇ ಅರ್ಥ.

ಹಳೇ ಜೀಪು ನೋಡಲು ಬಂದವರು ಮೊದಲು ಕೇಳುವುದು ಒಂದೇ ಮಾತು: "ಒರಿಜಿನಲ್ಲಾ?" ಈ ಬರಹ ಆ ಒಂದು ಪದದ ಬಗ್ಗೆ.

ಯಳಂದೂರು ತಾಲ್ಲೂಕಿನ ಅಗರದಲ್ಲಿ ನನ್ನ ಸೋದರಮಾವ ಇದ್ದಾರೆ. ಅವರ ಹತ್ತಿರ ಒಂದು ಜೀಪಿದೆ, 1972ರ ಮಾಡೆಲ್ಲು. ಭತ್ತದ ಮೂಟೆ, ರೇಷ್ಮೆಗೂಡು, ಬಾಣಂತಿ, ಮದುವೆ ದಿಬ್ಬಣ, ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟ ನೆಂಟರು, ಎಲ್ಲವನ್ನೂ ಹೊತ್ತಿದೆ. ಈಗ ಮಾವನಿಗೆ ಮಂಡಿ ನೋವು. ಕ್ಲಚ್ ತುಳಿಯಲು ಆಗುವುದಿಲ್ಲ, ಆಪರೇಷನ್‌ಗೆ ದುಡ್ಡು ಬೇಕು. ಬೆಂಗಳೂರಿನಿಂದ ಒಬ್ಬರು ನೋಡಲು ಬಂದರು. ಸಾಫ್ಟ್‌ವೇರ್ ಕೆಲಸ, ಜೀಪಿನ ಬಗ್ಗೆ ನನಗಿಂತ ಹತ್ತು ಪಟ್ಟು ತಿಳಿದುಕೊಂಡವರು, ಮಾತಿನಲ್ಲಿ ಮರ್ಯಾದೆ ಇದ್ದವರು. ಬಾನೆಟ್ ಎತ್ತಿ ನೋಡಿ ಸಪ್ಪಗಾದರು.

"ಯಜಮಾನ್ರೇ, ಇಂಜಿನ್ ಒರಿಜಿನಲ್ ಅಲ್ವಲ್ಲ ಇದು."

"ಅಲ್ಲ ಸಾ. ಪೆಟ್ರೋಲ್ ಇಂಜಿನ್ನು ಎಣ್ಣೆ ಕುಡ್ದು ಸಾಕಾಗೋಗಿತ್ತು. ಎಂಬತ್ತಾರ್‌ನಲ್ಲಿ ಕೀಳ್ಸಿ ಡೀಸೆಲ್ ಹಾಕ್ಸ್‌ದಿ. ಆರ್‌ಸಿ ಬುಕ್ಕಲ್ಲೂ ಬರ್ಸಿವ್ನಿ."

"ಹಳೇ ಇಂಜಿನ್ ಏನಾಯ್ತು?"

"ಕೊಟ್ಟಿಗೆ ಮೂಲೇಲಿ ಅದ."

ಅವರ ಮುಖ ಅರಳಿತು. "ಅದನ್ನೂ ಸೇರಿಸಿ ಕೊಡಿ. ಈ ಡೀಸೆಲ್ ಇಂಜಿನ್ ತೆಗೆದು ಗುಜರಿಗೆ ಹಾಕಿ, ಜೀಪನ್ನ ಮತ್ತೆ ಅದರ ನಿಜರೂಪಕ್ಕೆ ತರ್ತೀನಿ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರ ಇಷ್ಟು ವರ್ಸ ಓಡುದ್ದು ಸುಳ್ಳುರೂಪವಾ ಸಾ?"

ಬಂದವರು ನಕ್ಕರು, ಮಾವ ನಗಲಿಲ್ಲ. ಒಂದು ವಾರ ಟೈಮ್ ಕೊಡಿ ಅಂದರು. ರಾತ್ರಿ ನನಗೆ ಹೇಳಿದ್ದು ಇಷ್ಟು: "ನೀ ಓದ್ದೋನು. ಯಾನ ಮಾಡದು ಹೇಳ್ಲಾ ಮಗ."

ಮೊದಲು ಆ ನಿಜರೂಪ ಅನ್ನುವುದು ಎಲ್ಲಿದೆ ಅಂತ ನೋಡೋಣ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕು ಅಂತ ಕಂಪನಿಗಳನ್ನು ಕೇಳಿತು. ಮಾದರಿ ತಯಾರಿಸಲು ಕೊಟ್ಟ ಗಡುವು ಬರೀ 49 ದಿನ. ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ, ಕಾರ್ಲ್ ಪ್ರೋಬ್ಸ್ಟ್ ಅನ್ನುವ ಇಂಜಿನಿಯರ್‌ನ ನಕ್ಷೆ ಹಿಡಿದು ಅದನ್ನು ಮಾಡಿ ತೋರಿಸಿತು. ಆದರೆ ದೊಡ್ಡ ಆರ್ಡರ್ ಹೋದದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. 60 ಅಶ್ವಶಕ್ತಿಯ ಇಂಜಿನ್ ವಿಲ್ಲೀಸ್‌ನದು. ಮುಂದಿನ ಆ ಫೇಮಸ್ ಸೀಳು ಸೀಳಿನ ತಗಡಿನ ಗ್ರಿಲ್ ಫೋರ್ಡ್‌ನದು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಫೋರ್ಡ್ ತಾನು ಮಾಡಿದ ಜೀಪಿನ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತುತ್ತಿತ್ತು. ಇವತ್ತಿಗೂ ಅಸಲಿತನದ ಹುಚ್ಚಿರುವವರು ಆ ಅಕ್ಷರದ ಬೋಲ್ಟುಗಳನ್ನೇ ಹುಡುಕಿ ಹುಡುಕಿ ಹಾಕುತ್ತಾರೆ. ಅಂದರೆ ಒಬ್ಬರ ನಕ್ಷೆ, ಇನ್ನೊಬ್ಬರ ಇಂಜಿನ್, ಮತ್ತೊಬ್ಬರ ಗ್ರಿಲ್. ಜೀಪು ಹುಟ್ಟಿದ್ದೇ ಬೆರಕೆಯಾಗಿ.

1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರು. ಆಮೇಲೆ ಬಿಡಿಭಾಗಗಳೂ ಇಲ್ಲೇ ತಯಾರಾದವು, ಡೀಸೆಲ್ ಇಂಜಿನ್ ಬಂತು, ಹಿಂದಿನ ಸೀಟು ಉದ್ದವಾಯಿತು. ಅಮೆರಿಕದಲ್ಲಿ ಆ ಮಾದರಿ ನಿಂತು ದಶಕಗಳಾದ ಮೇಲೂ ನಮ್ಮಲ್ಲಿ ಅದರ ವಂಶ ಮುಂದುವರಿಯಿತು. ತಮಾಷೆ ನೋಡಿ, 2018ರಲ್ಲಿ ಮಹೀಂದ್ರಾ ಅದೇ ವಂಶದ ರಾಕ್ಸರ್ ಅನ್ನುವ ಗಾಡಿಯನ್ನು ಅಮೆರಿಕದಲ್ಲಿ ಮಾರಲು ಹೋದಾಗ, ಆಗ ಜೀಪ್ ಬ್ರ್ಯಾಂಡಿನ ಒಡೆತನವಿದ್ದ ಫಿಯೆಟ್ ಕ್ರೈಸ್ಲರ್ ದೂರು ಕೊಟ್ಟಿತು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ದೂರುದಾರರ ಪರ ನಿಂತಿತು, ರಾಕ್ಸರ್‌ನ ಮುಖವನ್ನೇ ಬದಲಾಯಿಸಬೇಕಾಯಿತು. ಎಪ್ಪತ್ತು ವರ್ಷ ಇಲ್ಲಿ ಬಾಳಿ ತವರಿಗೆ ಹೋದವಳಿಗೆ 'ನೀನು ನಮ್ಮವಳಲ್ಲ' ಅಂದ ಹಾಗಾಯಿತು.

ಹೊರದೇಶಗಳಲ್ಲಿ ಅಮೆರಿಕನ್ ಕಾರುಗಳ ಕಥೆ ಎರಡು ಥರ ನಡೆದಿದೆ. ಸ್ವೀಡನ್‌ನಲ್ಲಿ ಪ್ರೀತಿಗಾಗಿ. ಬೇಸಿಗೆ ಬಂದರೆ ಸಾವಿರಾರು ಜನ ಐವತ್ತು ಅರವತ್ತರ ದಶಕದ ಅಮೆರಿಕನ್ ಕಾರುಗಳನ್ನು ತೊಳೆದು ಉಜ್ಜಿ ಜಾತ್ರೆಗೆ ತರುತ್ತಾರೆ. ಕ್ಯೂಬಾದಲ್ಲಿ ಅನಿವಾರ್ಯಕ್ಕಾಗಿ. ಅರವತ್ತರ ದಶಕದ ಶುರುವಿನಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ಹೇರಿದ ಮೇಲೆ ಬಿಡಿಭಾಗ ಸಿಗದೆ, ಷೆವ್ರೊಲೆ ಹೊಟ್ಟೆಯೊಳಗೆ ರಷ್ಯಾದ ಇಂಜಿನ್ ಕೂರಿಸಿ ಟ್ಯಾಕ್ಸಿ ಓಡಿಸಿದರು. ಮಾವನ ಜೀಪು ಕ್ಯೂಬಾದ ಜಾತಿ. ಕೊಳ್ಳಲು ಬಂದವರ ಕನಸು ಸ್ವೀಡನ್ನಿನದು. ಎರಡರಲ್ಲೂ ನಿಯತ್ತಿದೆ, ಅದಕ್ಕೇ ಪ್ರಶ್ನೆ ಕಷ್ಟ.

ಪ್ರಶ್ನೆಯೂ ಹೊಸದಲ್ಲ. 'ಮಿಳಿಂದ ಪ್ರಶ್ನೆ'ಯಲ್ಲಿ ಭಿಕ್ಷು ನಾಗಸೇನ, ರಥದಲ್ಲಿ ಬಂದ ರಾಜನನ್ನು ಕೇಳುತ್ತಾನೆ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ, ಎಲ್ಲ ಸೇರಿದಾಗ ನಾವು ಕರೆಯುವ ಹೆಸರು ರಥ. ಗ್ರೀಕರು ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿ ಇದೇ ಮಾತು ಚರ್ಚಿಸಿದರು. ಹದಿನೇಳನೇ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ಕೊಕ್ಕೆ ಹಾಕಿದ. ತೆಗೆದಿಟ್ಟ ಹಳೇ ಹಲಗೆಗಳನ್ನೆಲ್ಲ ಯಾರೋ ಜೋಪಾನ ಮಾಡಿ ಇನ್ನೊಂದು ಹಡಗು ಕಟ್ಟಿದರೆ, ಅಸಲಿ ಯಾವುದು? ಕೊಟ್ಟಿಗೆಯ ಮೂಲೆಯಲ್ಲಿರುವ ಪೆಟ್ರೋಲ್ ಇಂಜಿನ್ ಕೇಳುತ್ತಿರುವುದು ಹಾಬ್ಸ್‌ನ ಪ್ರಶ್ನೆಯನ್ನೇ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಪುಸ್ತಕದಲ್ಲಲ್ಲ, ಬೀದಿಯಲ್ಲೇ ಎದುರಾಯಿತು. ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ 2017ರಲ್ಲಿ ಕಿಡಿಗೇಡಿಯೊಬ್ಬ ಬೆಂಕಿ ಇಟ್ಟ. ಕೆಲವು ವರ್ಷ ರಥೋತ್ಸವವೇ ನಡೆಯಲಿಲ್ಲ. 2022ರ ಆಷಾಢದಲ್ಲಿ ಹೊಸ ತೇರು ಹೊರಟಾಗ ಹೊಸದಾಗಿ ಮದುವೆಯಾದ ಜೋಡಿಗಳು ಹಣ್ಣು ಜವನ ಎಸೆದರು. 'ಇದು ಒರಿಜಿನಲ್ ತೇರಲ್ಲ' ಅಂತ ಮುಖ ತಿರುಗಿಸಿದವರನ್ನು ನಾನು ಕಾಣೆ. ಮರ ಬೇರೆ, ತೇರು ಅದೇ. ಯಾಕೆಂದರೆ ಅದನ್ನು ತೇರಾಗಿಸಿದ್ದು ಮರವಲ್ಲ, ಎಳೆಯುವ ಜನ.

ಹಾಗಾದರೆ ಬದಲಾವಣೆ ಎಲ್ಲ ಸರಿ, ಒರಿಜಿನಲ್ ಅನ್ನುವುದು ಬರೀ ಶೋಕಿ ಅಂತ ತೀರ್ಪು ಕೊಡಬಹುದಾ? ಇಲ್ಲ. ಓಲೆಗರಿಯ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸ ತನ್ನದೊಂದು ಸಾಲು ಒಳಗೆ ತೂರಿಸಿದರೆ ಅದು ಮೋಸ. ಇದ್ದದ್ದನ್ನು ಇದ್ದ ಹಾಗೇ ದಾಟಿಸುವುದೇ ಅವನ ಧರ್ಮ. ಆದರೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ರಾತ್ರಿಯಿಡೀ ಹಾಡುವಾಗ ಒಬ್ಬೊಬ್ಬರದು ಒಂದೊಂದು ಬಗೆ. ಒಂದು ಕಡೆ ಬೆಳೆಯುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಆದರೂ ಹುಲಿ ಏರಿದ ಆ ಮಾದಪ್ಪ ಒಬ್ಬನೇ. ಓಲೆಗರಿಗೊಂದು ನಿಯತ್ತು, ಹಾಡಿಗೆ ಇನ್ನೊಂದು ನಿಯತ್ತು.

ಯಾರೋ ಎಲ್ಲೋ ಒಂದು ಬೋಲ್ಟೂ ಬದಲಾಗದ 1942ರ ಜೀಪು ಇಟ್ಟುಕೊಂಡಿದ್ದರೆ ಅದು ಓಲೆಗರಿ. ಅದಕ್ಕೆ ಮ್ಯೂಸಿಕ್ ಸಿಸ್ಟಮ್ಮು, ಅಗಲ ಟೈರು ಹಾಕಿ ಹಾಳು ಮಾಡಬಾರದು. ಅಂಥವನ್ನು ಕಾಪಾಡುವವರು ಇಲ್ಲದಿದ್ದರೆ ಮೂಲ ಹೇಗಿತ್ತು ಅನ್ನುವುದೇ ಮುಂದಿನವರಿಗೆ ಗೊತ್ತಾಗುವುದಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೇ ಕಾರುಗಳ ಮುಂದೆ ನಿಂತವರಿಗೆ ಇದು ಅರ್ಥವಾಗುತ್ತದೆ. ಮಾವನ ಜೀಪು ಮಾತ್ರ ಹಾಡು. ಅದರ ವೈರಿಂಗ್ ಒಬ್ಬ ಮೇಸ್ತ್ರಿಯದು, ಬಾಡಿಯ ಬೆಸುಗೆ ಇನ್ನೊಬ್ಬರದು. ಅದನ್ನು ಓಲೆಗರಿ ಮಾಡುತ್ತೇನೆ ಅಂತ ಹೊರಟರೆ, ಹಾಡಿದ ಅಷ್ಟೂ ಜನರ ಸಾಲುಗಳನ್ನು ಅಳಿಸಬೇಕಾಗುತ್ತದೆ. ನಾವು 'ರಿಸ್ಟೋರ್' ಅನ್ನುವುದು ಎಷ್ಟೋ ಸಲ ಒಂದು ಬಗೆಯ ಮರೆವು.

ಇಲ್ಲಿ ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಮಾಲೀಕ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿತು. ಹರಿಯಾಣದ ಮಂಡಿ ಡಬ್ವಾಲಿ ಕಡೆಯಿಂದ ಹೊಸದಾಗಿ ಕಟ್ಟಿಸಿದ ಜೀಪನ್ನು ಯಾವುದೋ ಹಳೇ ಜೀಪಿನ ಕಾಗದದ ಮೇಲೆ ಓಡಿಸುವವರಿಗೆ ಇದು ಕಿರಿಕಿರಿ ಅನ್ನಿಸಬಹುದು. ಆದರೆ ರಸ್ತೆ ನಮ್ಮೊಬ್ಬರದಲ್ಲ. ಬ್ರೇಕ್ ತಡೆಯಲಾಗದ ವೇಗದ ಇಂಜಿನ್ ಕೂರಿಸಿದರೆ ಬೆಲೆ ಕಟ್ಟುವವನು ಎದುರಿಗೆ ಬರುವ ಸೈಕಲ್ಲಿನವನು. ಇನ್ನೊಂದು ಕಡೆ, 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ಮಾನ್ಯತೆ ಸಿಗುತ್ತದೆ. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಅಂದರೆ ಕಾನೂನಿಗೆ ಓಲೆಗರಿ ಗೊತ್ತು, ಹಾಡು ಗೊತ್ತಿಲ್ಲ.

ಕೊನೆಗೆ ನಾನು ಮಾವನಿಗೆ ಹೇಳಿದ್ದು ಇಷ್ಟೇ. ಮಾರಿ, ನಿಮ್ಮ ಮಂಡಿಗಿಂತ ಜೀಪು ದೊಡ್ಡದಲ್ಲ. ಆದರೆ ಡೀಸೆಲ್ ಇಂಜಿನ್ ಗುಜರಿಗೆ ಹಾಕಬಾರದು ಅಂತ ಕೇಳಿಕೊಳ್ಳಿ. ಮತ್ತೆ ಒಂದು ನೋಟ್‌ಬುಕ್ ಬರೆಸಿ ಕೊಡೋಣ: ಯಾವ ವರ್ಷ ಏನು ಬದಲಾಯಿತು, ಯಾಕೆ, ಯಾರ ಕೈಯಿಂದ. ಫೋನಿನಲ್ಲಿ ಈ ಮಾತು ಹೇಳಿದಾಗ ಕೊಳ್ಳುವವರು ಒಂದು ಕ್ಷಣ ತಡೆದು, "ದುಡ್ಡು ಕೊಟ್ಟ ಮೇಲೆ ನನ್ನಿಷ್ಟ ಅಲ್ವಾ?" ಅಂದರು. ಕಾನೂನು ಮೀರದ ತನಕ ಹೌದು, ಅವರಿಷ್ಟವೇ. ಆದರೆ ನಮಗಿಂತ ಮೊದಲು ಐವತ್ತು ವರ್ಷ ಬಾಳಿದ ವಸ್ತುವಿನ ಮೇಲೆ ನಮ್ಮ ಒಡೆತನ ಸರದಿಯಲ್ಲಿ ಬಂದದ್ದು, ಸರದಿಯಲ್ಲೇ ಹೋಗುವಂಥದ್ದು. ನೋಟ್‌ಬುಕ್ ಬೇಕು ಅಂದರು, ಇಂಜಿನ್ ಬಗ್ಗೆ ಯೋಚಿಸುತ್ತೇನೆ ಅಂದರು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನಮಗೂ ಇರಲಿಲ್ಲ.

ಬದಲಾಯಿಸುವುದು ತಪ್ಪಲ್ಲ, ಬದಲಾಯಿಸದಿರುವುದು ಹಿರಿಮೆಯೂ ಅಲ್ಲ. ಬದಲಾಯಿಸಿದ್ದನ್ನು ಮುಚ್ಚಿಡುವುದು ತಪ್ಪು, ಇನ್ನೊಬ್ಬರ ಜೀವಕ್ಕೆ ಕುತ್ತು ತರುವುದು ತಪ್ಪು, ನಮಗಿಂತ ಮುಂಚೆ ಅದನ್ನು ಮುಟ್ಟಿದ ಕೈಗಳು ಕೊಳಕು ಅಂದುಕೊಳ್ಳುವುದು ತಪ್ಪು. ಅಗರದಿಂದ ಕಾಣುವ ಬೆಟ್ಟದ ಮೇಲೆ ಬಿಳಿಗಿರಿರಂಗನಿಗೆ ಭಕ್ತರು ಭಾರಿ ಗಾತ್ರದ ಚರ್ಮದ ಚಪ್ಪಲಿ ಹೊಲಿದು ಒಪ್ಪಿಸುವ ಪದ್ಧತಿ ಇದೆ. ರಂಗ ಅದನ್ನು ಮೆಟ್ಟಿ ಕಾಡು ತಿರುಗುತ್ತಾನೆ, ಅದಕ್ಕೇ ಸವೆಯುತ್ತದೆ, ಸವೆದ ಮೇಲೆ ಹೊಸದು ಬರುತ್ತದೆ ಅನ್ನುವುದು ಜನರ ನಂಬಿಕೆ. ಮೊದಲ ಜೋಡಿ ಎಲ್ಲಿ ಅಂತ ಯಾರೂ ಹುಡುಕುವುದಿಲ್ಲ. ಚಪ್ಪಲಿ ಸವೆದಿದೆ ಅಂದರೆ ದೇವರು ನಡೆದಿದ್ದಾನೆ ಅಂತ ಅವರಿಗೆ ಸಮಾಧಾನ.